ಮನೆ ಕೇಳಲು ಮೊದಲು ಯಾರು ಹೋಗಬೇಕು

ನಮ್ಮ ಓಣಿಯ ಕೊನೆಯ ಮನೆಯ ಗೇಟಿಗೆ ಮೊನ್ನೆ ಹೊಸ ಬೋರ್ಡು ಬಿದ್ದಿದೆ. 'ಮನೆ ಬಾಡಿಗೆಗೆ ಇದೆ' ಎಂದು ದೊಡ್ಡ ಅಕ್ಷರ. ಅದರ ಕೆಳಗೆ, ಬರೆದವನಿಗೇ ನಾಚಿಕೆಯಾಗಿತ್ತೋ ಏನೋ, ಸಣ್ಣ ಅಕ್ಷರದಲ್ಲಿ 'ಒಳ್ಳೆಯ ಮನೆತನದವರು ಮಾತ್ರ ವಿಚಾರಿಸಿ'. ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಹಾಲು ತರಲು ಹೊರಟವಳು ಅಲ್ಲೇ ನಿಂತುಬಿಟ್ಟೆ. ಒಳ್ಳೆಯ ಮನೆತನವನ್ನು ಗೇಟಿನ ಆಚೆಯಿಂದ ಗುರುತು ಹಿಡಿಯುವುದು ಹೇಗೆ, ನೀವೇ ಹೇಳಿ. ಬದನೆಕಾಯಿಯಾದರೆ ತೊಟ್ಟು ನೋಡಿ ಹೇಳಬಹುದು.

ಮನೆ ಹುಡುಕುವವರಿಗೆ ಕೊಡಲು ನನ್ನ ಹತ್ತಿರ ಬುದ್ಧಿವಾದ ಸಾಕಷ್ಟಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿ ನೋಡಿ, ಮನೆ ಎಷ್ಟು ಕಾಯುತ್ತದೆಂದು ಆಗ ತಿಳಿಯುತ್ತದೆ. ಗೋಡೆ ಹೊಗಳಿದ ಮೇಲೆ ನೀರಿನ ಮಾತು ತೆಗೆಯಿರಿ. ಬಾಡಿಗೆ ಕೇಳಿದ ಕೂಡಲೆ ಏನೂ ಅನ್ನಬೇಡಿ, ಸುಮ್ಮನೆ ಮೇಲೆ ಚಾವಣಿಯ ಜಂತಿ ನೋಡಿ. ಮನೆಯವರೇ ಸ್ವಲ್ಪ ಇಳಿಯುತ್ತಾರೆ. ಇದನ್ನೆಲ್ಲ ಯಾರೂ ಕೇಳದಿದ್ದರೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿದ್ದೇನೆ, ಅವರು ಸ್ವಂತ ಮನೆಯವರೆಂದು ಆಮೇಲೆ ಗೊತ್ತಾಗಿದೆ. ಆದರೆ ಈ ನನ್ನ ಜಾಣತನವೆಲ್ಲ ಒಂದು ದಿನ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಬಾರದೆ ಹೋಯಿತು. ಆ ಬೋರ್ಡಿನ ಮುಂದೆ ನನಗೆ ನೆನಪಾದದ್ದು ಅದೇ.

ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಖಣ, ಸೀರೆಯ ಅಂಗಡಿ ಇತ್ತು. ಅಂಗಡಿ ಎಂದರೆ ಹುಟ್ಟುತ್ತಲೇ ಗಾದಿಯ ಮೇಲೆ ಕೂತವಳಲ್ಲ ನಾನು. ಗಂಡ ಹೋದ ಮೇಲೆ ತಲೆಯ ಮೇಲೆ ಗಂಟು ಹೊತ್ತು ನೇಸರಗಿ, ಕಿತ್ತೂರು, ಸವದತ್ತಿ ಎಂದು ಸಂತೆ ಸಂತೆ ತಿರುಗಿದವಳು. ರಾಮದುರ್ಗದ ನೇಕಾರರ ಮನೆಯ ಮುಂದೆ ಕೂತು, ಅವರ ಮಗ್ಗದ ಸಪ್ಪಳಕ್ಕಿಂತ ಜೋರಾಗಿ ಚೌಕಾಸಿ ಮಾಡಿ ಸೀರೆ ತಂದವಳು. ಆ ಗಂಟು ಬೆಳೆದು ಅಂಗಡಿಯಾಯಿತು. ಸೀರೆ ತೋರಿಸುವುದಕ್ಕೂ ಒಂದು ಕ್ರಮವಿದೆ ನೋಡಿ. ಮೊದಲು ಸೆರಗು ಬಿಚ್ಚಬೇಕು. ಗಿರಾಕಿಯ ಕಣ್ಣು ಅರಳಿದ ಮೇಲೆ ಒಡಲು. ಎಳೆ ಎಲ್ಲಿಯಾದರೂ ಗಂಟಾಗಿದ್ದರೆ ಆ ಮಡಿಕೆ ತೀರ ಕೊನೆಗೆ, ಅಷ್ಟರಲ್ಲಿ ಗಿರಾಕಿ ಆ ಸೀರೆಯನ್ನು ಮನಸ್ಸಿನಲ್ಲಿ ಉಟ್ಟಾಗಿರುತ್ತದೆ. ಇದನ್ನು ಮೋಸ ಎನ್ನಬೇಡಿ, ವ್ಯಾಪಾರ ಎನ್ನಿ.

ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನೀಲವ್ವ ಮತ್ತು ಗಣಪತಿ ಇದ್ದರು. ಅವರ ಪರಿಚಯ ಹೇಳಬೇಕು. ನೀಲವ್ವ ಹೂಲಿಯ ಲಿಂಗಾಯತ ಒಕ್ಕಲುತನದ ಮನೆಯ ಮಗಳು. ನಾನು ಮಾರುವ ರವಿಕೆಯ ಖಣವನ್ನು ಕುಬಸ ಹೊಲಿದು ಕೊಡುವವಳು ಅವಳೇ. ಅವಳು ಹೊಲಿದ ಕುಬಸ ಕಂಕುಳಲ್ಲಿ ಹಿಡಿದದ್ದಿಲ್ಲ, ಬೆನ್ನಲ್ಲಿ ಉಬ್ಬಿದ್ದಿಲ್ಲ. ಗಣಪತಿ ಅರಳೆ ಹಿಂಜುವ ಗಿರಣಿಯಲ್ಲಿ ಫಿಟ್ಟರ್. ಸಿದ್ದಿ. ಹಳಿಯಾಳದ ಆಚೆಯ ಕಾಡಿನಲ್ಲಿ ಸಿದ್ದಿಯರನ್ನು ನೀವು ನೋಡಿರಬಹುದು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದ ಗುಲಾಮರ ವಂಶ. ಮೈ ಇದ್ದಿಲ ಬಣ್ಣ, ಕೂದಲು ಬಿಗಿಯಾದ ಸುರುಳಿ, ಮಾತು ಮಾತ್ರ ನಮ್ಮ ನಿಮ್ಮಂಥದೇ ಕನ್ನಡ. ಕಟ್ಟಿಗೆಯ ಲಾರಿಯ ಜೊತೆ ಈ ಕಡೆ ಬಂದ ಗಣಪತಿ ಲಾರಿ ರಿಪೇರಿ ಕಲಿತ, ಆಮೇಲೆ ಗಿರಣಿ ಸೇರಿದ. ರಜೆಯ ದಿನ ಹೊಲದ ಬಾವಿಗಳ ಇಂಜಿನ್ನು ರಿಪೇರಿಗೆ ಹೋಗುತ್ತಿದ್ದ. ಹೂಲಿಯ ನೀಲವ್ವನ ಅಪ್ಪನ ಬಾವಿಯ ಇಂಜಿನ್ನು ಮೇಲಿಂದ ಮೇಲೆ ಕೆಡತೊಡಗಿತು. ಒಳ್ಳೆಯ ಇಂಜಿನ್ನು ಅಷ್ಟು ಸಲ ಕೆಡುವುದಿಲ್ಲ ಎಂದು ಅಪ್ಪನಿಗೆ ಹೊಳೆಯುವ ಹೊತ್ತಿಗೆ ತಡವಾಗಿತ್ತು.

ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆಯಿತು. ಹೂಲಿಯಿಂದ ಯಾರೂ ಬರಲಿಲ್ಲ. ಊರೆಲ್ಲ ಬೇಡವೆಂದ ಜೋಡಿಗೆ ನಾನು ಕೋಣೆ ಕೊಟ್ಟೆ. ದೊಡ್ಡ ಮನಸ್ಸಿನಿಂದ ಕೊಟ್ಟೆ ಎಂದುಕೊಳ್ಳಬೇಡಿ. ಅಂಥ ಕೈಯ ಹೊಲಿಗೆಯವಳು ಅಂಗಡಿಯ ಹಿಂದೆಯೇ ಸಿಗುತ್ತಾಳೆಂದರೆ ಯಾರು ಬಿಡುತ್ತಾರೆ?

ಮೊದಲ ಕೆಲವು ತಿಂಗಳು ಊರಿಗೆ ಅದೇ ಮಾತು. ಗಣಪತಿ ಚಹಾದ ಅಂಗಡಿಗೆ ಹೋದರೆ ಕೂತವರು ಎದ್ದು ನಿಲ್ಲುತ್ತಿದ್ದರು, ಮರ್ಯಾದೆಗಲ್ಲ. ಆದರೆ ಅವನ ಕೈಯಲ್ಲಿ ಒಂದು ವಿದ್ಯೆ ಇತ್ತು, ಬಾಯಲ್ಲಿ ಒಂದು ನಗು ಇತ್ತು. ಹಿಟ್ಟಿನ ಗಿರಣಿ ನಿಂತರೆ ಅವನು ಬೇಕು, ಸಿನೆಮಾ ಟೆಂಟಿನ ಮಷಿನ್ನು ಕೂತರೆ ಅವನು ಬೇಕು. ಯಾರೋ ಒಮ್ಮೆ, "ಏ ಗಣಪಣ್ಣಾ, ನಿನ್ನ ಮೈಗೆ ಹತ್ತಿದ್ದು ಎಣ್ಣಿ ಮಸಿಯೋ ಹುಟ್ಟಿದ ಬಣ್ಣೋ?" ಎಂದು ಕೇಳಿದರಂತೆ. "ಒರಸಿ ನೋಡಪಾ, ಹೋದ್ರ ಎಣ್ಣಿ," ಎಂದನಂತೆ ಇವನು. ಅಂದಿನಿಂದ ಚಹಾದ ಅಂಗಡಿಯಲ್ಲಿ ಅವನಿಗೆ ಬೆಂಚಿನ ಮೇಲೆ ಜಾಗ ಸಿಕ್ಕಿತು. ಹೊರಗಿನವರು ಬಂದರೆ ನಮ್ಮ ಮಂದಿ ಅವನನ್ನು "ನಮ್ಮ ಫಿಟ್ಟರ್" ಎಂದು ಜಂಬದಿಂದ ತೋರಿಸುವ ಮಟ್ಟಕ್ಕೆ ಬಂತು. ನೋಡಿದಿರಾ, ಊರು ಒಪ್ಪಿಕೊಂಡಿತು ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ, ನಾನೇ ಒಪ್ಪಿಸಿದವಳ ಹಾಗೆ.

ಹೀಗಿರುವಾಗ ಹುಬ್ಬಳ್ಳಿಯ ಒಬ್ಬ ಇಂಜಿನ್ನು ವರ್ಕ್‌ಶಾಪಿನ ಮಾಲೀಕರು ಗಣಪತಿಗೆ ಕರೆ ಕಳಿಸಿದರು. ಕೆಲಸ ಕಾಯಂ, ಮಿಸ್ತ್ರಿಯ ಜಾಗ. ಮಗಳು ರೇಣುಕಾ ಶಾಲೆಗೆ ಹೋಗುವ ವಯಸ್ಸಿಗೆ ಬಂದಿದ್ದಳು. ಹೋಗಬೇಕೋ ಇರಬೇಕೋ ಎಂಬುದು ಕೋಣೆಯೊಳಗೆ ಕುದಿಯತೊಡಗಿತು. ಹಲಗೆಯ ಗೋಡೆ, ಅಂಗಡಿಗೆ ಎಲ್ಲ ಕೇಳುತ್ತದೆ. ಕೇಳಬಾರದೆಂದು ಗೊತ್ತಿದ್ದೂ ರೇಡಿಯೋ ಸಣ್ಣ ಮಾಡಿ ಕೂತಿರುತ್ತಿದ್ದೆ.

ಆಶ್ಚರ್ಯವೆಂದರೆ ಹೋಗಲು ಮನಸ್ಸಿದ್ದದ್ದು ನೀಲವ್ವನಿಗೆ. ಬೇಡವೆಂದವನು ಗಣಪತಿ.

"ಇಲ್ಲಿ ಮಂದಿ ಎಲ್ಲಾ ನೋಡಿ ಮುಗಿಸ್ಯಾರ," ಎಂದ ಅವನು ಒಂದು ಸಂಜೆ ನನ್ನೆದುರೇ. "ಅಲ್ಲಿ ಹೋದ್ರ ಮೊದಲಿನಿಂದ ನೋಡಾಕ ಸುರು ಮಾಡ್ತಾರ. ಬಸ್ಸಿನ್ಯಾಗ, ಬಜಾರದಾಗ, ನಳದ ಮುಂದ. ನನಗ ಸಾಕಾಗೇತ್ರಿ ಅಕ್ಕಾರ."

ನನಗೂ ಅದೇ ಸರಿ ಎನಿಸಿತು. "ಹೌದಪಾ, ಗಳಿಸಿದ ಊರು ಬಿಡಬ್ಯಾಡ," ಎಂದೆ. ಅದರಲ್ಲಿ ನನ್ನ ಕುಬಸದ ಲೆಕ್ಕವೂ ಸ್ವಲ್ಪ ಇತ್ತು, ಇರಲಿ.

ನೀಲವ್ವ ವಾದ ಮಾಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, "ಒಮ್ಮೆ ಮನಿ ನೋಡಿ ಬರೂಣ್ರಿ. ನೋಡಿದ್ರೇನು ಹೋದಂಗಲ್ಲಲ್ಲ?" ಎಂದಳು. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಾಗ ಆಡುವ ಮಾತು ಅದು. ಅವಳು ಮನಸ್ಸು ಮಾಡಿಯಾಗಿದೆಯೆಂದು ನನಗೆ ಅಲ್ಲಿಯೇ ತಿಳಿಯಬೇಕಾಗಿತ್ತು.

ಮನೆ ನೋಡಲು ನಾನಿಲ್ಲದೆ ಹೇಗೆ? ರೇಣುಕಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೂವರೂ ಕೆಂಪು ಬಸ್ಸು ಹತ್ತಿದೆವು. ಧಾರವಾಡ ದಾಟುವ ಹೊತ್ತಿಗೆ ನನ್ನ ಯೋಜನೆ ತಯಾರಾಗಿತ್ತು. "ನೀ ಮೂಲಿ ಮ್ಯಾಲಿನ ಚಾದಂಗಡ್ಯಾಗ ಕುಂದ್ರು," ಎಂದು ಗಣಪತಿಗೆ ಹೇಳಿದೆ. "ನಾನೂ ನೀಲವ್ವನೂ ಹೋಗಿ ಮಾತು ಮುಗಸ್ತೇವಿ. ಮಾತು ಮುಗಿದ ಮ್ಯಾಲ ನೀ ಬಾ." ಅವನು ನಕ್ಕ. ನೀಲವ್ವ ನಗಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ.

ಮೊದಲ ಮನೆ ಒಬ್ಬ ನಿವೃತ್ತ ಮಾಸ್ತರರದು. ನನ್ನ ಹಣೆಯ ವಿಭೂತಿ ನೋಡಿದ್ದೇ, "ಬರ್ರಿ ತಾಯಿ, ಬರ್ರಿ, ನಮ್ಮವ್ರ ಬಂದಂಗಾತು" ಎಂದು ಚಾಪೆ ಹಾಸಿಸಿದರು. ನೀರು ಬಂತು, ಬೆಲ್ಲ ಬಂತು. ಗೋಡೆ ಹೊಗಳಿದೆ, ಜಂತಿ ನೋಡಿದೆ, ಬಾಡಿಗೆ ನಾನಂದಲ್ಲಿಗೆ ಬಂತು. ಹಿತ್ತಲಿನ ಕರಿಬೇವಿನ ಗಿಡವೂ ನಮ್ಮದೇ ಎಂದು ತೀರ್ಮಾನವಾಯಿತು. ಆಮೇಲೆ ಚಾದಂಗಡಿಗೆ ಹೋಗಿ ಗಣಪತಿಯನ್ನು ಕರೆತಂದೆ.

ಮಾಸ್ತರರು ಅವನನ್ನು ನೋಡಿದರು, ನೀಲವ್ವನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮದೇನೂ ಇಲ್ಲ ನೋಡ್ರಿ," ಎಂದರು. "ಮನಿಗೆ ಸುಣ್ಣಾ ಹೊಡಸೂದೈತಿ. ನೆನಪ ಇದ್ದಿದ್ದಿಲ್ಲ."

"ಸುಣ್ಣಾ ನಾವ ಹೊಡಸ್ಕೋತೇವಿ," ಎಂದೆ ನಾನು.

"ಮನ್ಯಾಗೂ ಒಮ್ಮೆ ಕೇಳಬೇಕಾಗೇತಿ."

"ಕೇಳ್ರಿ, ಕುಂತಿರ್ತೇವಿ."

ನಾನು ಇನ್ನೂ ಚೌಕಾಸಿಯಲ್ಲೇ ಇದ್ದೆ. ನೀಲವ್ವ ಎದ್ದು, ಸೆರಗು ಸರಿಮಾಡಿಕೊಂಡು, "ನಮಸ್ಕಾರ್ರಿ" ಎಂದು ಹೊರಗೆ ನಡೆದಳು. ಬೀದಿಗೆ ಬಂದ ಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ.

"ಅಕ್ಕಾರ, ನನ್ನ ಗಂಡ ಸೀರಿ ಅಲ್ರಿ, ಕಡೀ ಮಡಿಕ್ಯಾಗ ಇಟ್ಟು ತೋರಸಾಕ. ಇನ್ನ ಮುಂದ ಮೊದಲ ಅವರ ಹೋಗ್ಲಿ. ನಾವು ಹಿಂದ ಬರೂಣು."

ಗಣಪತಿ ನೆಲ ನೋಡುತ್ತ ನಿಂತಿದ್ದ. "ಬ್ಯಾಡ ನೀಲಾ, ಮನಿಗೆ ಹೋಗೂಣು ನಡಿ," ಎಂದ. "ಇಷ್ಟು ದೂರ ಬಂದೇವಿ, ಇನ್ನೆರಡ ಬಾಗಲಾ ಬಡದ ಹೋಗೂಣು," ಎಂದಳು ಅವಳು.

ಅವನು ಮುಂದೆ, ನಾವು ಹಿಂದೆ. ಒಂದು ಮನೆಯಲ್ಲಿ ಅರ್ಧ ತೆರೆದ ಬಾಗಿಲು ಹಾಗೆಯೇ ಮುಚ್ಚಿತು. ಇನ್ನೊಂದರಲ್ಲಿ ಬಹಳ ನಯವಾಗಿ, "ನಮಗೇನೂ ತಕರಾರಿಲ್ರಿ, ಮ್ಯಾಲಿನ ಮನಿಯವ್ರು ಸ್ವಲ್ಪ ಹಿಂಗ," ಎಂದರು. ಆ ಮನೆಗೆ ಬರೀ ತಾರಸಿ ಇತ್ತೇ ಹೊರತು ಮೇಲೆ ಮನೆ ಇರಲಿಲ್ಲ.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಮುದುಕಿಯೊಬ್ಬಳು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಗಣಪತಿ ಹೋಗಿ ನಿಂತ ಕೂಡಲೆ ಮೊರ ಕೆಳಗಿಟ್ಟು, ಅಂಗಾಲಿನಿಂದ ನೆತ್ತಿಯವರೆಗೆ ಅವನನ್ನು ನೋಡಿದಳು.

"ಯಾರಪಾ ನೀ? ಇಷ್ಟು ಕರ್ರಗ ಯಾಕದಿ?"

ನಾನು ಹಿಂದಿನಿಂದ ನೀಲವ್ವನ ಕೈ ಎಳೆದೆ, ಹೋಗೋಣ ಎಂದು. ಅವಳು ಅಲುಗಾಡಲಿಲ್ಲ.

"ನಮ್ಮವ್ವನ್ನ ಕೇಳಬೇಕ್ರಿ," ಎಂದ ಗಣಪತಿ.

"ಕೂದಲಾ ಸುಟ್ಟುಕೊಂಡಿ ಏನು?"

"ಹುಟ್ಟಿದಾಗಿಂದ ಹಿಂಗ ಐತ್ರಿ. ಬಾಚಣಕಿ ಮುರೀತಾವ, ಇದು ಮುರಿಯಂಗಿಲ್ಲ."

ಮುದುಕಿ ನಕ್ಕಳು. ಆಮೇಲೆ ಶುರುವಾಯಿತು ನೋಡಿ. ಯಾವ ಊರು, ಯಾವ ಮಂದಿ, ಏನು ಉಣ್ಣುತ್ತೀರಿ, ಹೆಂಡತಿ ಯಾರ ಪೈಕಿ, ಅವಳನ್ನು ಎಲ್ಲಿ ಕಂಡೆ, ಮಾವ ಹೊಡೆದನೇನು, ಹೊಡೆದಿದ್ದರೆ ಯಾವುದರಿಂದ, ಮಗಳ ಬಣ್ಣ ಯಾರದು, ಕೂದಲು ಯಾರದು. ಪೊಲೀಸರೂ ಅಷ್ಟು ಕೇಳುವುದಿಲ್ಲ. ನನಗಂತೂ ಮೈ ಉರಿಯಿತು. ಆದರೆ ಕೇಳುತ್ತ ಕೇಳುತ್ತಲೇ ಅವಳು ಒಳಗೆ ಹೋಗಿ ತನ್ನ ತಂಬಿಗೆಯಲ್ಲಿ ನೀರು ತಂದು ಅವನ ಕೈಗೆ ಕೊಟ್ಟಿದ್ದಳು, ಜೋಳದ ರಾಶಿ ಒತ್ತಟ್ಟಿಗೆ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದ್ದಳು.

"ಮನಿ ಕೊಡತೇನಿ," ಎಂದಳು ಕಡೆಗೆ. "ಆದ್ರ ಓಣ್ಯಾಗ ಮಂದಿ ಕೇಳ್ತಾರ. ನಾ ಎಲ್ಲಾ ಹೇಳಾಕಿನ. ಮುಚ್ಚಿಡೂದು ನನಗ ಬರಂಗಿಲ್ಲ. ಎರಡು ವಾರ ಮಾತಾಡ್ತಾರ, ಆಮ್ಯಾಲ ಅವರ ಸಾಯ್ತಾರ ಬ್ಯಾಸತ್ತು."

ಬಾಡಿಗೆಯಲ್ಲಿ ಒಂದಿಷ್ಟಾದರೂ ಇಳಿಸೋಣವೆಂದು ನಾನು ಮೇಲೆ ಜಂತಿ ನೋಡಿದೆ. "ಏನ ನೋಡ್ತೀಯವಾ, ಗುಬ್ಬಿ ಗೂಡು ಐತಿ," ಎಂದಳು ಮುದುಕಿ. ಒಂದು ಪೈಸೆಯೂ ಇಳಿಯಲಿಲ್ಲ.

ಹೊರಡುವಾಗ ಅವಳು ನೀಲವ್ವನನ್ನು ತಡೆದಳು. "ಮುತ್ತೈದಿ, ಮೊದಲನೇ ಸಲ ಬಂದಿ, ಬರಿಗೈಲೆ ಹ್ಯಾಂಗ ಹೋಗ್ತಿ? ನಾ ಗಂಡ ಸತ್ತಾಕಿ, ನನಗ ಬರಂಗಿಲ್ಲ. ಏ ಸುಶೀಲಾ! ಉಡಿ ತುಂಬ ಬಾ ಈಕಿಗೆ!"

ಉಡಿ ತುಂಬುವುದು ನಮ್ಮ ಕಡೆ ಎಷ್ಟು ಸಾಮಾನ್ಯವೆಂದರೆ ಅದರ ಬಗ್ಗೆ ಯಾರೂ ಯೋಚನೆ ಮಾಡುವುದಿಲ್ಲ. ಗಂಡನುಳ್ಳ ಹೆಣ್ಣು ಮನೆಗೆ ಬಂದು ಹೊರಟರೆ ಅವಳ ಸೆರಗಿಗೆ ಒಂದು ಖಣ, ಅಕ್ಕಿ, ಅರಿಷಿಣ ಕೊಂಬು, ಒಂದು ಕೊಬ್ಬರಿ ಬಟ್ಟಲು. ನನ್ನ ಅಂಗಡಿ ನಡೆಯುತ್ತಿದ್ದದ್ದೇ ಆ ಖಣಗಳ ಮೇಲೆ. ಸೊಸೆ ಸುಶೀಲಾ ಸಾಮಾನು ಹಿಡಿದು ಬಂದು ನಿಂತಳು. ನೀಲವ್ವ ಏನು ಮಾಡಿದಳು ಗೊತ್ತೇ? ಎರಡೂ ಕೈ ಚಾಚಿದಳು, ಪ್ರಸಾದಕ್ಕೆ ಚಾಚಿದ ಹಾಗೆ.

"ಅಯ್ಯ, ಕೈಯಾಗ ಹ್ಯಾಂಗ ಹಾಕ್ತಾಳ? ಸೆರಗ ಒಡ್ಡವಾ," ಎಂದಳು ಮುದುಕಿ. "ಉಡಿ ತುಂಬಿಸ್ಕೊಂಡ ಗೊತ್ತಿಲ್ಲೇನು?"

"ಇಲ್ರಿ," ಎಂದಳು ನೀಲವ್ವ. "ನನಗ ಯಾರೂ ತುಂಬಿಲ್ಲ."

ಅಷ್ಟೇ ಹೇಳಿದಳು. ಸೆರಗು ಒಡ್ಡಿದಳು, ಸುಶೀಲಾ ಅಕ್ಕಿ ಹಾಕಿದಳು. ಖಣ ನನ್ನ ಅಂಗಡಿಯಲ್ಲಿ ನಾನು ಇಡಲೂ ಒಪ್ಪದಂಥ ಅಗ್ಗದ್ದು. ನೀಲವ್ವ ಆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬಸ್ ಸ್ಟ್ಯಾಂಡು ಬರುವವರೆಗೂ ಒಂದು ಕೈ ಅದರ ಮೇಲೇ ಇತ್ತು.

ಬಸ್ಸಿನಲ್ಲಿ ಗಣಪತಿ ನನ್ನನ್ನು ಕೇಳಿದ, "ಅಕ್ಕಾರ, ನಮ್ಮೂರಾಗ ಈಕಿನ್ನ ಯಾರೂ ಕರದಿಲ್ಲೇನ್ರಿ? ಒಂದು ಮದಿವಿಗೆ, ಒಂದು ತೊಟ್ಟಲಕ್ಕ?"

"ಇಲ್ಲಪಾ. ಕುಬಸ ಹೊಲಸ್ಯಾರ. ಕರದಿಲ್ಲ."

"ನಾ ತಿಳಕೊಂಡಿದ್ದೆ ಊರು ನಮ್ಮನ್ನ ಒಪ್ಪೇತಿ ಅಂತ."

"ನಿನ್ನ ಒಪ್ಪೇತಿ," ಎಂದೆ. ಹೇಳುವಾಗಲೇ ನನಗೂ ಪೂರ್ತಿ ಕಾಣಿಸಿತು. ಅವನು ಹೊರಗಿನವನು, ಕೆಲಸಕ್ಕೆ ಬೇಕಾದವನು. ಅವನನ್ನು ಕ್ಷಮಿಸಲು ಊರಿಗೆ ಕಷ್ಟವೇನಿತ್ತು? ಮನೆಯ ಮಗಳಾಗಿ ಹುಟ್ಟಿ ಹೊರಟುಹೋದವಳನ್ನು ಮಾತ್ರ ಊರು ಮರೆತಿರಲಿಲ್ಲ. ಹೂಲಿಯ ಹೆಂಗಸರು ನನ್ನ ಅಂಗಡಿಗೆ ಬಂದರೆ ನೀಲವ್ವನ ಮಷಿನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು, ಅವಳು ಅವರ ಕುಬಸವನ್ನೇ ಹೊಲಿಯುತ್ತಿರುತ್ತಿದ್ದಳು. ನಾನು ಅದನ್ನು ದಿನಾ ನೋಡುತ್ತಿದ್ದೆ. ನೋಡಿ ನೋಡಿ ಅದು ಅಂಗಡಿಯ ಕಂಬದ ಹಾಗೆ ಆಗಿಹೋಗಿತ್ತು.

"ನನಗ ಯಾಕ ಹೇಳಲಿಲ್ಲ ನೀಲಾ?" ಎಂದ ಅವನು.

ಅವಳು ಕಿಟಕಿಯ ಹೊರಗೆ ನೋಡುತ್ತ, "ಹೇಳಿದ್ರ ಏನ ಮಾಡ್ತಿದ್ರಿ? ಅದೇನು ಇಂಜಿನ್ನ, ಬಿಚ್ಚಿ ರಿಪೇರಿ ಮಾಡಾಕ?" ಎಂದಳು. ಆಮೇಲೆ ತಾನೇ ನಕ್ಕಳು. "ನೀವು ಚಾದಂಗಡ್ಯಾಗ ಕುಂತು ನಕ್ಕೋತ ಬರ್ತಿದ್ರಿ. ಅದನ್ನ ಯಾಕ ಕೆಡಸ್ಲಿ?"

ಕಿತ್ತೂರಿನ ದಾರಿ ಅಗಲುವಲ್ಲಿ ಬಸ್ಸು ನಿಂತಿತು, ಕಡಲೆಕಾಯಿ ಮಾರುವವರು ಹತ್ತಿದರು, ಇಳಿದರು. ಗಣಪತಿ ಕಡಲೆಕಾಯಿ ಕೊಂಡು ಒಂದೊಂದೇ ಸುಲಿದು ಅವಳ ಕೈಗೆ ಹಾಕುತ್ತ ಹೇಳಿದ:

"ಹುಬ್ಬಳ್ಳಿಗೆ ಹೋಗೂಣು. ಅಲ್ಲಿ ಮಂದಿ ನನ್ನ ನೋಡ್ತಾರ. ನೋಡ್ಲಿ. ಇಲ್ಲಿ ಇಷ್ಟು ವರ್ಷ ನೀ ಹೊತ್ತಿ, ನನಗ ತಿಳಿಲಿಲ್ಲ. ಗಿರಣ್ಯಾಗಾದ್ರ ಒಬ್ಬನ ಕಡೆ ಎರಡು ಪಾಳಿ ಮಾಡಸಂಗಿಲ್ಲ. ಇನ್ನ ನನ್ನ ಪಾಳಿ."

"ಹುಡುಗೂರು ಬೆನ್ನ ಹತ್ತತಾರ್ರಿ ಅಲ್ಲಿ."

"ಹತ್ತಲಿ. ಒಬ್ಬನ ನಡೀಲಿಕ್ಕೆ ನನಗೂ ಬ್ಯಾಸರ."

ನೀಲವ್ವ ಕೈಯಲ್ಲಿದ್ದ ಕಾಳನ್ನು ತಿನ್ನಲಿಲ್ಲ. ಅರ್ಧ ಅವನಿಗೆ ಕೊಟ್ಟಳು. ನಾನು ಜೀವನದಲ್ಲಿ ಬಹಳ ವ್ಯವಹಾರ ನೋಡಿದ್ದೇನೆ; ಎರಡೂ ಕಡೆಯವರು ತಮ್ಮ ಭಾರ ಕಡಿಮೆ ಮಾಡಿಕೊಳ್ಳಲು ನೋಡುತ್ತಾರೆ. ತಮ್ಮ ಕಡೆ ಭಾರ ಎಳೆದುಕೊಳ್ಳಲು ಚೌಕಾಸಿ ಮಾಡಿದವರನ್ನು ಕಂಡದ್ದು ಅದೊಂದೇ ಸಲ.

ಅವರು ಹೋದರು. ಮುದುಕಿ ಹೇಳಿದ ಎರಡು ವಾರ ಎರಡು ವರ್ಷವಾಯಿತು ಎಂದು ಗಣಪತಿ ಆಮೇಲೆ ಹೇಳಿದ. ಬಜಾರದಲ್ಲಿ ಅವನ ಬೆನ್ನಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದು ದಿನ ಯಾರೋ ಕಲ್ಲು ಎಸೆದು ಹಣೆ ಒಡೆಯಿತು. ಆ ಗಾಯ ತೋರಿಸುತ್ತಲೇ, "ಓಣ್ಯಾಗಿನವರ ಜಗಳಕ್ಕ ಹೋದ್ರು ಅಕ್ಕಾರ, ನಾ ಹೋಗ್ಲಿಲ್ಲ," ಎಂದು ನಕ್ಕಿದ್ದ. ನೀಲವ್ವ ಓಣಿಯ ಒಂದು ಮನೆಯ ಮದುವೆಯೂ ತಪ್ಪಿಸಿಕೊಂಡದ್ದಿಲ್ಲ. ಹೂಲಿಯ ಅಪ್ಪ ಕೊನೆಯವರೆಗೂ ಬರಲಿಲ್ಲ. ಎಲ್ಲವೂ ಸರಿಹೋಯಿತು ಎಂದು ಹೇಳಿ ನಿಮ್ಮನ್ನು ಖುಷಿಪಡಿಸಲಾರೆ. ಅವರು ಹೋದದ್ದು ಸರಿ ಎಂದು ಮಾತ್ರ ಹೇಳುತ್ತೇನೆ. ನನಗೆ ಅಂಥ ಹೊಲಿಗೆಯವಳು ಮತ್ತೆ ಸಿಗಲಿಲ್ಲ, ಅದನ್ನೂ ಹೇಳುತ್ತೇನೆ.

ನಿನ್ನೆ ಸಂಜೆ ಪರಿಚಯದವರ ಮಗಳು ತನ್ನ ಗಂಡನನ್ನು ಕರೆದುಕೊಂಡು ಬಂದಿದ್ದಳು. ಇಬ್ಬರೂ ಬೇರೆ ಬೇರೆ ಜಾತಿಯ ಮಂದಿ, ಮನೆಯವರಿಗೆ ಬೇಡವಾದ ಮದುವೆ. ಬೆಳಗಾವಿಗೆ ಹೋಗಬೇಕೋ ಇಲ್ಲೇ ಇರಬೇಕೋ ಎಂದು ಕೇಳಲು ಬಂದವರು. "ನೀವು ಭಾಳ ಕಂಡಾವ್ರು, ಹೇಳ್ರಿ ಅಜ್ಜಿ," ಎಂದಳು. ಸೆಕೆ, ನೀರು, ಜಂತಿ ಎಲ್ಲ ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಒಂದ ಕೇಳ್ತೇನಿ," ಎಂದೆ. "ಇಲ್ಲಿದ್ರ ನಿಮ್ಮಿಬ್ಬರೊಳಗ ಯಾರಿಗೆ ಹೆಚ್ಚು ತ್ರಾಸು? ಅಲ್ಲಿ ಹೋದ್ರ ಯಾರಿಗೆ? ಇದನ್ನ ಒಬ್ಬರಿಗೊಬ್ಬರು ಯಾವಾಗರ ಕೇಳೀರೇನು?"

ಹುಡುಗ ಏನೋ ಹೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅವಳು ಕಾಲಿನ ಬೆರಳು ನೋಡುತ್ತಿದ್ದಳು. ಚಹಾ ಮಾಡಿ ತರುತ್ತೇನೆಂದು ನಾನು ಎದ್ದೆ. ಒಳಗೆ ಹೋಗಿ ಒಲೆ ಹಚ್ಚಿದೆ, ಉರಿ ಸಣ್ಣ ಮಾಡಿದೆ. ಪಡಸಾಲೆಯಲ್ಲಿ ಅವಳು ಮೆಲ್ಲಗೆ ಮಾತು ಶುರು ಮಾಡಿದ್ದು ಕೇಳಿಸಿತು. ನೀರು ಕುದಿಯಲು ಬಂದಿತ್ತು. ಇನ್ನೊಂದು ಲೋಟ ತಣ್ಣೀರು ಸುರಿದೆ.